ಎಡಗಡೆಯ ನೀರು

ನೌಬಾದಿನ ಕರೇಜಿಗೆ ಇಳಿದು ಹೂಳೆತ್ತುತ್ತಿದ್ದ ಘಾಳೆಪ್ಪನ
ತಲೆಯ ಹಿಂಬದಿ, ಬಲಕ್ಕೆ,
ಒಂದು ಗೋಡೆ ಕುಸಿಯಿತು.
ಸ್ಕ್ಯಾನಿಂಗ್ ಕೋಣೆಯ ಪರದೆಯಲ್ಲಿ ನಾನು ಕಂಡದ್ದು
ಹುಣಸೆ ಬೀಜದಷ್ಟು ಬಿಳುಪು.

ಅಂದಿನಿಂದ ಅವನಿಗೆ ಎಡಗಡೆ ಇಲ್ಲ.
ಕತ್ತಲೆ ಅಲ್ಲ, ಇಲ್ಲ.
ಗಂಗಾಳ ತಿರುಗಿಸಿದರೆ ಪುಂಡಿಪಲ್ಯ ಬರುತ್ತದೆ
ರೊಟ್ಟಿ ಹೋಗುತ್ತದೆ.
ಮಗಳು ಎಡಕ್ಕೆ ನಿಂತರೆ ಬರೀ ಬಳೆ ಸಪ್ಪಳ.

"ಕಣ್ಣ ಛಲೋ ಅವಲ್ರೀ ಬಾಯಿ?"
ಅವ, ಘಾಳೆಪ್ಪಣ್ಣ. ಎರಡೂ ಛಲೋ ಅವ.

ಹೇಗೆ ಹೇಳಲಿ? ಅವನ ಕಸುಬಿನಲ್ಲೇ ಹೇಳಿದೆ:
ಕಣ್ಣು ಬರೀ ತಾಯಿಬಾವಿ.
ಅಲ್ಲಿಂದ ನೀರು ನೆಲದೊಳಗೇ ನಡೆದು
ತಲೆಯ ನಟ್ಟನಡುವೆ
ಮಡಿಸಿದ ಮೊಣಕಾಲಿನಂಥ ಒಂದು ತಿರುವಿನಲ್ಲಿ ನಿಲ್ಲುತ್ತದೆ.
ಆರು ಪದರ ಅಲ್ಲಿ,
ಈ ಕಣ್ಣಿನ ನೀರು ಆ ಕಣ್ಣಿನದಕ್ಕೆ ಬೆರೆಯದಂತೆ.
ಮುಂದೆ ಬೀಸಣಿಗೆಯಾಗಿ ಬಿಚ್ಚಿಕೊಂಡು
ಹಿಂದಲೆಯ ಊರಿಗೆ.
ಗೆರೆ ಗೆರೆಯಾಗುವುದು ಅಲ್ಲಿ,
ರೊಟ್ಟಿ ರೊಟ್ಟಿಯಾಗುವುದು ಅಲ್ಲಿ.
ಆ ಊರಿನ ಅರ್ಧ ಓಣಿ ಬಿದ್ದಿದೆ ನಿನಗೆ.

ಬಹಳ ಹೊತ್ತು ಸುಮ್ಮನಿದ್ದ.
ಗಾಳಿಬಾವಿಗಳನ್ನು ಎಣಿಸುವವನ ಹಾಗೆ ಬೆರಳು ಮಡಚಿದ, ಬಿಚ್ಚಿದ.
"ಮತ್ತ ನೀರ ಎಲ್ಲಿ ಹೋತದ?
ಮುಂದ ಕಟ್ಟಿತಂದ್ರ ಸುಮ್ಮ ಕೂಡಂಗಿಲ್ಲ ಅದು."

ಒಂದು ಮಾತನ್ನು ನಾನು ಹೇಳಲೇ ಇಲ್ಲ,
ಇಳಿಜಾರನ್ನೇ ನಂಬಿ ಬದುಕಿದವನು ಅವನು:
ಈ ಸುರಂಗದಲ್ಲಿ ಹರಿವು ಎರಡೂ ಕಡೆಗೆ.
ಆ ತಿರುವಿಗೆ ಕಣ್ಣಿನಿಂದ ಬರುವ ಎಳೆಗಳಿಗಿಂತ
ಊರಿನಿಂದ ಮರಳಿ ಬರುವ ಎಳೆಗಳೇ ಹೆಚ್ಚು.
ನೋಡುವ ಮೊದಲೇ
ಏನು ಬೇಕೆಂದು ಬಾವಿಗೆ ಹೇಳಿಕಳಿಸುತ್ತೇವೆ ನಾವು.

ಮಧ್ಯಾಹ್ನ ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ
ಬುತ್ತಿ ಬಿಚ್ಚಿ ಕೂತಿದ್ದ.
ಎಡಗಡೆಯ ಕಾಂಪೌಂಡಿನಿಂದ, ಸದ್ದೇ ಇಲ್ಲದೆ,
ಕರಿ ಮುಸುಡಿಯ ಮಂಗ ಹಾರಿತು.
ಅವನ ಕೈ ಬುತ್ತಿಯನ್ನು ಎದೆಗೆ ಎಳೆದುಕೊಂಡಿತ್ತು
ಮಂಗ ನೆಲ ಮುಟ್ಟುವ ಮೊದಲೇ.

ಕಂಡಿತೇನು?
"ಇಲ್ರೀ. ಏನದು?"
ಮತ್ತೆ ಕೈ?
ಕೈಯನ್ನೇ ನೋಡಿದ, ಬೇರೆಯವರದೆಂಬಂತೆ.
"ಕೈಗಿ ಗೊತ್ತಿತ್ತೇನೋ."

ಮಂಗ ಬೇವಿನ ಕೊಂಬೆಯಿಂದ ನಮ್ಮನ್ನೇ ನೋಡುತ್ತಿತ್ತು
ಅದೇ ಮೊಣಕಾಲು, ಅದೇ ಆರು ಪದರಗಳಿಂದ.
ನಾವು ಇದನ್ನು ಕಲಿತದ್ದೂ ಅದರ ಬಳಗದಿಂದಲೇ:
ಎಲ್ಲೋ ಒಂದು ಪ್ರಯೋಗಾಲಯದಲ್ಲಿ
ಹಿಂದಲೆ ಕೊಯ್ಸಿಕೊಂಡ ಕೋತಿ
ಕಾಣದ ಕಾಳನ್ನು ಒಂದೊಂದಾಗಿ ಹೆಕ್ಕಿತಂತೆ.
ಅದಕ್ಕೆ ಯಾರೂ ಕೇಳಲಿಲ್ಲ, ಕಂಡಿತೇ ಎಂದು.

"ಹಳೇ ಮಂದಿ ಅಂತಿದ್ರು," ಘಾಳೆಪ್ಪ ರೊಟ್ಟಿ ಮುರಿದ,
"ದೊಡ್ಡ ಸುರಂಗಕ್ಕ ಬಾಜೂಕ ಒಂದು ಸಣ್ಣದು ಇರ್ತದ.
ಗಾಳಿಬಾವಿ ಇಲ್ಲ, ಬೆಳಕಿಲ್ಲ,
ಮಂದಿ ಇಳಿಯಂಗಿಲ್ಲ.
ನೀರ ಇಳೀತದ."

ವರದಿಯಲ್ಲಿ ಬರೆದೆ: ಎಡ ನೋಟ, ಶೂನ್ಯ.
ಕೈಯ ಬಗ್ಗೆ ಬರೆಯಲು ಜಾಗವಿರಲಿಲ್ಲ.

ಹೊರಡುವಾಗ
ಬಾಗಿಲಿನ ಎಡ ಚೌಕಟ್ಟಿಗೆ ಭುಜ ಬಡಿದು
ಚೌಕಟ್ಟಿಗೇ ಬೈದ.
ಮಂಗ ಹಾರುತ್ತದೆ.
ಬಾಗಿಲು ನಿಂತೇ ಇರುತ್ತದೆ.