ಚೂರಿಯ ತೂತು

ಏಡಿ ಕಡಿದ ತೂತು ನನಗೆ ಗೊತ್ತು: ಅಂಚೆಲ್ಲ ಜುಂಗು.
ಹಂದಿಮೀನು ನುಗ್ಗಿದ್ದಾದರೆ ಆಳೊಬ್ಬ ತೂರುವಷ್ಟು ಬಾಯಿ.
ಕೂರ್ಮಗಡದ ಕಲ್ಲು ತಾಗಿದರೆ ಉದ್ದಕ್ಕೆ ಸೀಳು.
ನಲವತ್ತು ವರ್ಷ ಬೈತಖೋಲದ ಈ ತಗಡಿನಡಿ ಕೂತು
ಬಲೆ ಹೊಲಿದವಳು ನಾನು;
ತೂತು ನೋಡಿ ಮಾಡಿದವರ ಹೆಸರು ಹೇಳಬಲ್ಲೆ.

ಇದು ಚೂರಿ.
ಹಲಸಿನ ಹಣ್ಣಿಗೆ ಕಿಟಕಿ ಕೊಯ್ದ ಹಾಗೆ
ಸುತ್ತ ಕೊಯ್ದು ತೆಗೆದದ್ದು.
ತನ್ನ ಬಲೆ ತಾನೇ ಕೊಯ್ದ ತಾಂಡೇಲನನ್ನು
ನಾನು ಕಂಡಿರಲಿಲ್ಲ.

ಪುರ್ಸು ನೆಲ ನೋಡುತ್ತ ಹೇಳಿದ:
ಪೀಪಾಯಿಯಂಥದ್ದು ಬಂತು, ಶೆಟ್ಲಿ ರಾಶಿಯ ನಡುವೆ,
ಮೈತುಂಬ ಚಿಪ್ಪು, ಪಕ್ಕೆಯಲ್ಲಿ ಬಿರುಕು,
ಬಿರುಕಲ್ಲಿ ಹಳೇ ತುಪ್ಪದ ಹಾಗೆ ಏನೋ ಹೆಪ್ಪು.
ಶೈಲೇಶ ಬೆರಳಲ್ಲಿ ಒರೆಸಿ, ಮೂಸಿ, ನಕ್ಕ:
‘ಬೆಳ್ಳುಳ್ಳಿ ಒಗ್ಗರಣೆ!’
ಆಗ ಏನೂ ಆಗಲಿಲ್ಲ.
ರಾತ್ರಿ, ದೇವಗಡದ ದೀಪ ಕಾಣುವ ಹೊತ್ತಿಗೆ
ಅಂಗೈ ಪೂರಿಯ ಹಾಗೆ ಉಬ್ಬಿತು. ಕಣ್ಣು ಬಿಡಲಾಗಲಿಲ್ಲ.
ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ;
ಬಲೆಯ ತುಂಡು ಸಮೇತ ಬಿದಿರುಗಳದಲ್ಲಿ ನೂಕಿದೆವು.
ಆಸ್ಪತ್ರೆಯಲ್ಲಿ ಕೇಳುತ್ತಾರೆ, ‘ಆಸಿಡ್ಡೋ?’

ಅರಗಾದಲ್ಲಿ ಹಡಗಿನ ತುಕ್ಕು ಕೆರೆದು ಮುದುಕನಾದ ಇನಾಸ ಅಂದ:
ಯಾವ ದೇಶದ್ದೋ, ಯಾವ ಯುದ್ಧದ್ದೋ.
ಯುದ್ಧ ಮುಗಿಯಿತು, ಹಾಕಲು ವೈರಿ ಉಳಿಯಲಿಲ್ಲ,
ಕಡಲಿಗೆ ಹಾಕಿದರು.
ಕಬ್ಬಿಣಕ್ಕೆ ವಯಸ್ಸಾಗುತ್ತದೆ ಬಾಯೀ,
ಒಳಗಿನದಕ್ಕೆ ಆಗುವುದಿಲ್ಲ.

‘ಎಲ್ಲಿ ನೂಕಿದಿರಿ?’
ಪುರ್ಸು ಸುಮ್ಮನಿದ್ದ.
ಜಾಗ ಹೇಳಿದರೆ ಬಂದರು ಮುಚ್ಚುತ್ತಾರೆ,
ದಲ್ಲಾಳಿ ಮೀನು ಮುಟ್ಟುವುದಿಲ್ಲ,
ಡೀಸೆಲ್ಲಿನ ಬಾಕಿಯವ ಮಾತ್ರ ತಪ್ಪದೆ ಬರುತ್ತಾನೆ.
ಮೊದಲು ಹಾಕಿದವರೂ ಹೀಗೇ ಸುಮ್ಮನಿದ್ದಿರಬೇಕು,
ದಡಕ್ಕೆ ಬಂದು, ಕೈ ತೊಳೆದು.

ನಾರಳಿ ಹುಣ್ಣಿಮೆಗೆ ನಾವು ತೆಂಗಿನಕಾಯಿ ಬಿಡುತ್ತೇವೆ.
ಮರುದಿನ ಹುಡುಗರು ಮರಳಿನಲ್ಲಿ ಹೆಕ್ಕುತ್ತಾರೆ.
ಕೊಟ್ಟದ್ದನ್ನು ಇಟ್ಟುಕೊಳ್ಳುವ ಬುದ್ಧಿ
ಈ ಕಡಲಿಗೆ ಎಂದೂ ಇಲ್ಲ.

ಹೊಲಿದೆ. ಸಂಜೆವರೆಗೆ, ಹೊಸ ನೂಲು ಕೊಟ್ಟು,
ಕಣ್ಣಿಗೆ ಕಣ್ಣು ಗಂಟು ಹಾಕಿ.
ಕೂಲಿಯ ಮೇಲೆ ನಾಲ್ಕು ಬಂಗಡೆ ಕೊಟ್ಟರು.
ಬೇಡ ಅನ್ನಬಹುದಿತ್ತು. ತಂದೆ.

ಬಂಗಡೆಗೆ ನಾವು ಬೆಳ್ಳುಳ್ಳಿ ಹಾಕುವವರಲ್ಲ,
ಜುಮ್ಮನಕಾಯಿ, ಹುಳಿ, ಅಷ್ಟೇ.
ಗಂಜಿಯ ಮುಂದೆ ಕೂತ ಮೊಮ್ಮಗಳು
ನನ್ನ ಕೈ ಎಳೆದು ಮೂಗಿಗೆ ಹಿಡಿದು ಕೇಳಿದಳು:
‘ಆಜೀ, ಇವತ್ತೇಕೆ ಬೆಳ್ಳುಳ್ಳಿ?’