ತಗಡಿನ ಹೂ

ಮೊದಲ ಸಲ ನೀನು ತಂದದ್ದು ತಗಡಿನ ಹೂ, ಬಾಲ್ದೊಮೇರೋ.
ಡಬ್ಬಿ ಕತ್ತರಿಸಿ, ಅಂಚು ಮಡಿಚಿ, ಐದೆಸಳು.
ಒಂದೆಸಳ ಬೆನ್ನಲ್ಲಿ ಇನ್ನೂ
ಮೀನಿನ ಚಿತ್ರದ ಅರ್ಧ ಕಣ್ಣು.
ಉರಿದುಬಿದ್ದೆ ನಾನು:
'ಇದನ್ನು ಗೋರಿಗಿಡುತ್ತಾರೆ, ಹುಡುಗಿಗಲ್ಲ!'
ಟೋಪಿ ತಿರುವುತ್ತ ನೀನಂದೆ:
'ಎದೆಲ್ಮೀರಾ, ಇಲ್ಲಿ ಬೇರೇನು ಬೆಳೆಯುತ್ತೆ?'

ನಿಜ. ಮಳೆಯೆಂಬುದು ಆ ಬಯಲಲ್ಲಿ
ಬೊಲಿವಿಯಾದ ಮುದುಕಿಯರ ಅಡಗೂಲಜ್ಜಿ ಕಥೆ.
ನೆಲದಡಿ ಉಪ್ಪು,
ಉಪ್ಪಿನ ಒಡೆಯ ಲಂಡನ್ನಿನಲ್ಲಿ.
ಒಗೆಯಲು ಬಂದ ನಿನ್ನ ಅಂಗಿ
ಬೆವರಿಗೆ ಸೆಟೆದು ತಾನೇ ನಿಲ್ಲುತ್ತಿತ್ತು,
ಒಳಗೆ ನೀನಿಲ್ಲದೆಯೂ ನಿನ್ನ ಹಾಗೇ
ಎಡಭುಜ ತಗ್ಗಿಸಿ.
ಅದರ ಜೊತೆ ಮಾತಾಡುತ್ತಿದ್ದೆ. ನಿನಗೆ ಹೇಳಿರಲಿಲ್ಲ.

ಕೂಲಿಯೆಂದರೆ ದುಡ್ಡಲ್ಲ, ದಿನಕ್ಕೊಂದು ಬಿಲ್ಲೆ:
ನಡುವೆ ತೂತು, ಸುತ್ತ ಕಂಪನಿಯ ಹೆಸರು,
ಕಂಪನಿಯ ಅಂಗಡಿಯಲ್ಲಷ್ಟೇ ಚಲಾವಣೆ.
ಮಂಚಕ್ಕೆ ಅರವತ್ತು, ಅಂದಿದ್ದ ಅಂಗಡಿಯವ.
ನೀನು ಮಾಂಸ ಬಿಟ್ಟೆ. ನಾನು ಸಕ್ಕರೆ ಬಿಟ್ಟೆ.
ದಾರಕ್ಕೆ ಪೋಣಿಸಿ ಗೋಡೆಗೆ ತೂಗುಹಾಕಿದ ಮಂಚ
ನಲವತ್ತೊಂದರವರೆಗೆ ಬೆಳೆಯಿತು.

ಆಮೇಲೊಂದು ಸೋಮವಾರ
ಹೊಗೆಗೊಳವೆಯಲ್ಲಿ ಹೊಗೆಯಿಲ್ಲ.
ಅಂಗಡಿಯ ಬಾಗಿಲಿಗೆ ಹಲಗೆ ಹೊಡೆದರು.
ನೀನತ್ತದ್ದು ನಾನು ಕಂಡಿದ್ದು ಅದೊಂದೇ ಸಲ;
ಅದಕ್ಕೂ ಧೂಳು ಬಿತ್ತೆಂದೆ.
ಗಂಡಸರನ್ನು ಮೊದಲ ರೈಲಿಗೆ ತುಂಬಿದರು,
ಉಪ್ಪು ಹೇರುವ ತೆರೆದ ಡಬ್ಬಿಗಳಲ್ಲಿ.
'ಬರೀತೀನಿ' ಅಂತ ಕೂಗಿದೆ,
ಹೆಸರು ಬರೆಯಲೂ ಬಾರದವನು.

ಹನ್ನೊಂದು ತಿಂಗಳು.
ಬಂದರಿನಲ್ಲಿ ಧರ್ಮದ ಗಂಜಿಗೆ ಸಾಲು.
ರೊಟ್ಟಿ ಭಟ್ಟಿಯ ವಿಧುರನೊಬ್ಬ ಹೇಳಿ ಕಳಿಸಿದ:
ಬೆಚ್ಚನೆಯ ಮನೆ, ಹಿಟ್ಟು ಮೆತ್ತಿದ ದೊಡ್ಡ ಕೈ.
ಹೂಂ ಅನ್ನಲು ಬಾಯಿ ತೆರೆದಿದ್ದೆ. ಸುಳ್ಳೇಕೆ?
ಹಸಿದಿದ್ದೆ.

ಆಗ ಬಂತು ಲಕೋಟೆ.
ಒಳಗೊಂದು ಅಕ್ಷರವಿಲ್ಲ. ಒಂದು ಎಲೆ,
ನಡುನರದ ಬಳಿ ಇನ್ನೂ ಹಸಿರು.
ಅಂಚೆಯ ಠಸ್ಸೆಯನ್ನು ಯಾರಿಂದಲೋ ಓದಿಸಿಕೊಂಡು
ದಕ್ಷಿಣದ ಹಡಗು ಹತ್ತಿದೆ.

ಈ ಊರಲ್ಲಿ ಮಳೆ ನಿಲ್ಲುವುದೇ ಇಲ್ಲ.
ಮಂಚ ಇನ್ನೂ ಇಲ್ಲ.
ಬಿಲ್ಲೆಗಳಲ್ಲಿ ಏಳನ್ನು ನಿನ್ನ ಕೋಟಿಗೆ ಗುಂಡಿ ಮಾಡಿದೆ;
ಒಂದು ವಾರದ ಕೂಲಿ ಗಾಳಿಯನ್ನಾದರೂ ತಡೆಯಲಿ.
ಹೂವಿಗೆ ಮೊದಲ ಚಳಿಗಾಲಕ್ಕೇ ತುಕ್ಕು ಹತ್ತಿತು.
ಎಸಳು ಉದುರಿತು, ಆ ಕಣ್ಣಿನದೇ ಮೊದಲು.
ಹೊಸದು ಮಾಡಿಕೊಡ್ತೀನಿ ಅನ್ನುತ್ತೀ.
ಬೇಡ ಬಿಡು.
ಅಲ್ಲೇ ಇದ್ದಿದ್ದರೆ ನೂರು ವರ್ಷ ಹಾಗೇ ಇರುತ್ತಿತ್ತು,
ನಮ್ಮವರ ಗೋರಿಗಳ ಮೇಲಿರುವಂತೆ.
ಇದು ಬಾಡಿತು ನೋಡು.
ಕಿಟಕಿ ಮುಚ್ಚು, ಇರಚಲು ಹೊಡೀತಿದೆ.