ಸರಾಸರಿ ಗಾಳಿ

ಸೈನೈಡ್ ದಿಬ್ಬದ ನೆತ್ತಿಗೆ ಕಂಬ ಹೊತ್ತು ಹತ್ತಿದೆವು,
ನಾನು, ಹುಡುಗ ಇಮ್ಮಾನುವೇಲ, ಒಂದು ಕಾರ್ ಬ್ಯಾಟರಿ.
ಕಾಲಿಟ್ಟಲ್ಲೆಲ್ಲ ಬಿಳಿ ಹಕ್ಕಳೆ ಒಡೆದು ಒಳಗೆ ಹಿಟ್ಟು.
ಬಂಡೆ ಅರೆದು, ಚಿನ್ನ ಸೋಸಿ, ಮಿಕ್ಕಿದ್ದು.
ರಾಗಿಹಿಟ್ಟಿಗಿಂತ ನುಣುಪು; ಯಾವ ಜರಡಿಯಲ್ಲೂ ನಿಲ್ಲದು.

ಗೇಣಿಗೊಂದು, ಮೊಳಕ್ಕೊಂದು, ಮಾರಿಗೊಂದು, ತುದಿಗೊಂದು
ಗಿರಗಿಟ್ಲೆ ಬಟ್ಟಲು ಕಟ್ಟಿದೆ.
ಮೇಲಿನದು ಹುಚ್ಚೆದ್ದು ಸುತ್ತುತ್ತದೆ, ಕೆಳಗಿನದು ಆಕಳಿಸುತ್ತದೆ.
ನೆಲಕ್ಕೆ ತಾಗಿದ ಗಾಳಿ ಓಡುವುದಿಲ್ಲ.
ಖಂಡಿತ ಎಂದು ನಾನು ಹೇಳಬಲ್ಲದ್ದು ಇದೊಂದೇ:
ಮುಟ್ಟಿದ್ದು ನಿಲ್ಲುತ್ತದೆ.
ಅದರ ಮೇಲಿನದು ಅದನ್ನು ಎಳೆಯುತ್ತದೆ,
ಅದರ ಮೇಲಿನದು ಅದನ್ನು,
ಹೀಗೆ ಆಕಾಶದ ಅವಸರವೆಲ್ಲ ಇಳಿದಿಳಿದು
ಒಂದು ಕಣದ ಬೆನ್ನು ಉಜ್ಜುತ್ತದೆ.
ಆ ಉಜ್ಜಾಟ ಕಂಡವರಿಲ್ಲ;
ಲೆಕ್ಕ ಹಾಕುತ್ತೇವೆ.

ಲೆಕ್ಕವೋ, ಮೊಂಡು. ಒಂದು ಸಮೀಕರಣ ಬರೆದರೆ
ಗೊತ್ತಿಲ್ಲದವು ಎರಡು ಹುಟ್ಟುತ್ತವೆ;
ಎಲ್ಲೋ ಒಂದು ಕಡೆ, ಸಾಕು, ಎಂದು
ಊಹೆಯ ಅಗುಳಿ ಜಡಿಯಬೇಕು.
ಜಡಿದೆ. ಹತ್ತು ಹತ್ತು ನಿಮಿಷದ ಸರಾಸರಿ ತೆಗೆದೆ.
ಬಂದ ಘರ್ಷಣೆ, ಧೂಳೇಳಲು ಬೇಕಾದ್ದಕ್ಕಿಂತ
ಕೂದಲೆಳೆ ಕಡಿಮೆ.
ಗ್ರಾಫಿನಲ್ಲಿ ದಿಬ್ಬ ಮಲಗೇ ಇತ್ತು.

ಇಳಿದು ಬಂದು ಫಿಲೋಮಿನಮ್ಮನ ಬಾಗಿಲಲ್ಲಿ ನೀರು ಕೇಳಿದೆ.
ಬಿಂದಿಗೆಯ ಮೇಲೆ ತಟ್ಟೆ, ತಟ್ಟೆಯ ಮೇಲೆ ಬಟ್ಟೆ.
ಮೊಮ್ಮಗಳ ತೊಟ್ಟಿಲಿಗೂ ಅದೇ ಹಳೇ ಸೀರೆಯ ತುಂಡು.
ಹಾಳೆ ತೋರಿಸಿದೆ: ಲೆಕ್ಕದ ಪ್ರಕಾರ ಈ ವಾರ ಧೂಳು ಎದ್ದಿಲ್ಲ.
ಆಕೆ ತಂತಿಯ ಮೇಲಿದ್ದ ಕಪ್ಪು ಲಂಗವನ್ನು
ಒಮ್ಮೆ, ಒಂದೇ ಸಲ, ಕೊಡವಿದಳು.
ನನ್ನ ಕನ್ನಡಕ ಬೆಳ್ಳಗಾಯಿತು.
"ಸರಾಸರಿ ಗಾಳಿ ನಮ್ಮನೆ ಕಡೆ ಯಾವತ್ತೂ ಬಂದಿಲ್ಲಮ್ಮ.
ಬರೋದೆಲ್ಲ ಒಂದೊಂದೇ.
ಎರಡು ಏಟು ಹೊಡೀತದೆ, ಆಮೇಲೆ
ಏನೂ ಮಾಡದೋನ ಥರ ಸುಮ್ನಿರ್ತದೆ."

ರಾತ್ರಿ ರಾಬರ್ಟ್‌ಸನ್‌ಪೇಟೆಯ ಲಾಡ್ಜಿನಲ್ಲಿ
ಅಗುಳಿ ತೆಗೆದು, ಕ್ಷಣಕ್ಷಣದ ಕಚ್ಚಾ ಅಂಕಿ ಓದುತ್ತ ಕೂತೆ.
ಮಂಗಳವಾರ, ಒಂದು ಗಂಟೆ ಹದಿನಾಲ್ಕು ನಿಮಿಷ:
ಮೇಲಿನ ಗಾಳಿ ಧುಮುಕಿ, ನೆಲ ಕೆರೆದು, ಹೋಗಿದೆ.
ಏಳು ಸೆಕೆಂಡು.

ಗಾಳಿ ಬಂದಾಗ ತೂರಿಕೋ ಅಂತಾರೆ.
ಇಲ್ಲಿ ಮೊರ ಹಿಡಿದವರಿಲ್ಲ, ಗಾಳಿಯೇ ತೂರಿಕೊಳ್ಳುತ್ತದೆ,
ಜೊಳ್ಳು ಊರಿನ ಮೇಲೆ;
ಕಾಳು ಎಂದೋ ಹಡಗು ಹತ್ತಿತು.

ಬೆಳಿಗ್ಗೆ ಹೋಗಿ ಕೇಳಿದೆ, ಮಂಗಳವಾರ ಒಂದೂ ಕಾಲಿಗೆ
ಏನು ಮಾಡ್ತಿದ್ರಿ.
ಬೆರಳು ಮಡಿಸಿ ಎಣಿಸಿದಳು.
"ಅನ್ನ ಬಸೀತಿದ್ದೆ," ಅಂದಳು. "ಚೆಲ್ಲಬೇಕಾಯ್ತು."